ತೇವಿಯ ನಾಲಿಗೆ, ಭತ್ತದ ಬೇರು

ಬೇರೆ ಊರುಗಳಲ್ಲಿ ಮಣ್ಣು ತಿಂದ ಎಂದರೆ ಕೆಟ್ಟುಹೋದ ಎಂದರ್ಥ. ಕೊಚ್ಚಿಯ ಹಿನ್ನೀರಿನ ನಡುವೆ ಇರುವ ಪಿಳಾಂಕರಿ ದ್ವೀಪದಲ್ಲಿ ಅದೊಂದು ಹುದ್ದೆ. ನಲವತ್ತೊಂದು ವರ್ಷದಿಂದ ಆ ಹುದ್ದೆ ತೇವಿಯದು. ಅದಕ್ಕೆ ಮುಂಚೆ ಅವಳ ಅತ್ತೆಯದಾಗಿತ್ತು.

ಅಲ್ಲಿನ ಗದ್ದೆಗೆ ಅರ್ಧ ವರ್ಷ ಸಮುದ್ರದ ನೀರು ನುಗ್ಗುತ್ತದೆ, ಆಗ ಸೀಗಡಿ ಸಾಕುತ್ತಾರೆ. ಏಪ್ರಿಲಿನಲ್ಲಿ ತೂಬು ತೆರೆದು ನೀರು ಬಸಿದು, ಕೆಸರನ್ನು ಮೊಣಕಾಲೆತ್ತರದ ಗುಡ್ಡೆಗಳಾಗಿ ಎತ್ತಿಡುತ್ತಾರೆ. ಜೂನಿನ ಮಳೆ ಗುಡ್ಡೆಯ ಉಪ್ಪನ್ನು ತೊಳೆದು ಇಳಿಸಿದ ಮೇಲೆ ಅದರ ನೆತ್ತಿಯಲ್ಲಿ ಮೊಳಕೆ ಭತ್ತ ಬಿತ್ತಬೇಕು. ಉಪ್ಪು ಪೂರ್ತಿ ಇಳಿಯಿತೇ ಎಂದು ಹೇಳುವವಳು ತೇವಿ. ಚಿಟಿಕೆ ಮಣ್ಣು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ತುಪುಕ್ಕನೆ ಉಗಿದು "ಬಿತ್ತಿ!" ಎಂದು ಕೂಗಿದರೆ ಬುಟ್ಟಿಗಳು ಮೇಲೇಳುತ್ತವೆ. "ಇನ್ನೂ ಇದೆ" ಎಂದರೆ ಎಲ್ಲರೂ ಮನೆಗೆ.

ಇದನ್ನು ಸಹಿಸದವಳು ಪಕ್ಕದ ಮನೆಯ ಕಲ್ಯಾಣಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ದ್ವೀಪಕ್ಕೆ ಬಂದವರು. ಸೊಂಟದ ತನಕ ನೀರಲ್ಲಿ ನಿಂತು ಜೊತೆಜೊತೆಗೇ ತೆನೆ ಕೊಯ್ದವರು. ಆದರೂ ಪ್ರತಿ ಜೂನಿನಲ್ಲಿ ಕಲ್ಯಾಣಿಯದು ಒಂದೇ ರಾಗ: "ಯಾಕೆ, ನಂಗೆ ನಾಲಿಗೆ ಇಲ್ವಾ? ಇವಳದ್ದೇನು ಚಿನ್ನದ್ದಾ?"

"ನಿನ್ನ ನಾಲಿಗೆಗೆ ಬೇರೆ ಕೆಲಸ ತುಂಬಾ ಇದೆಯಲ್ಲೇ" ಎನ್ನುತ್ತಿದ್ದಳು ತೇವಿ.

ಹೋದ ವರ್ಷ ಕೃಷಿ ಕಚೇರಿಯ ರೆಜೀನಾ ಮೇಡಂ ದೋಣಿಯಲ್ಲಿ ಬಂದು ತೂಬಿನ ಪಕ್ಕದ ಚಪ್ಪರದಲ್ಲಿ ಪಾಠ ಮಾಡಿದ್ದರು. ಬೇರು ಮಣ್ಣಿನಿಂದ ಸಾರ ಎಳೆಯುವುದು ಹೇಗೆ ಎಂಬುದು ವಿಷಯ. ಬೇರಿನ ಒಳಗೆ ಪೊಟ್ಯಾಷ್ ಹೆಚ್ಚು, ಹೊರಗಿನ ನೀರಿನಲ್ಲಿ ತೀರಾ ಕಡಿಮೆ. ತನ್ನಷ್ಟಕ್ಕೆ ಬಿಟ್ಟರೆ ಒಳಗಿನದೇ ಹೊರಗೆ ಸೋರಬೇಕು. ಆದರೂ ಬೇರು ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಎಳೆದುಕೊಳ್ಳುತ್ತದೆ. ಉಪ್ಪಾದರೋ ಕರೆಯದೆಯೇ ಒಳಗೆ ನುಗ್ಗುತ್ತದೆ, ಅದನ್ನು ಹೊರಗೆ ದಬ್ಬಬೇಕು. ಎರಡಕ್ಕೂ ಶಕ್ತಿ ಖರ್ಚು. ಅರ್ಧ ಜನ ತೂಕಡಿಸುತ್ತಿದ್ದರು.

ತೇವಿ ಮಾತ್ರ ಕೈ ಎತ್ತಿದಳು. "ಮೇಡಂ, ಹಾಗಂದ್ರೆ ಉಪ್ಪು ಬರೋದು ತೂಬಿನ ಹಾಗೆ, ತೆರೆದ್ರೆ ಸಾಕು. ಸಾರ ಎಳೆಯೋದು, ಉಪ್ಪು ದಬ್ಬೋದು ಚಕ್ರದ ಹಾಗೆ. ತುಳಿದ್ರೆ ಮಾತ್ರ."

ಮೋಟಾರು ಬರುವ ಮೊದಲು ತಗ್ಗಿನ ಗದ್ದೆಯ ನೀರನ್ನು ಎತ್ತರದ ಕಾಲುವೆಗೆ ತಳ್ಳುತ್ತಿದ್ದುದು ಕಾಲಲ್ಲಿ ತುಳಿಯುವ ಮರದ ಚಕ್ರ. ತೇವಿಯ ಗಂಡ ಕೊರುಂಬನ್ ಅದರ ಮೇಲೆಯೇ ಆಯುಷ್ಯ ಸವೆಸಿದ. ಅವನಿಗೆ ಜ್ವರ ಬಂದ ವಾರ ಇವಳೇ ಹತ್ತಿ ತುಳಿದಿದ್ದಳು.

"ಸರಿಯಾಗಿ ಹೇಳಿದ್ರಿ!" ಎಂದರು ಮೇಡಂ.

"ಗಂಜಿ ಕುಡೀದೆ ಚಕ್ರ ತುಳಿಯೋಕಾಗಲ್ಲ. ಬೇರಿಗೆ ಗಂಜಿ ಎಲ್ಲಿಂದ?"

"ದೊಡ್ಡ ಪೈರಿಗೆ ಎಲೆಯೇ ಬೇಯಿಸಿ ಕೊಡುತ್ತೆ. ಮೊಳಕೆಗೆ ಕಾಳಿನೊಳಗಿರೋ ಚೂರು ಅಕ್ಕಿಯೇ ಗತಿ. ಅದಕ್ಕೇ ಎಳೇ ಬೇರು ಉಪ್ಪಿಗೆ ಬೇಗ ಸೋಲೋದು."

ಹೋಗುವಾಗ ಮೇಡಂ ಸಂಘದ ಕಾರ್ಯದರ್ಶಿ ಸತ್ಯಶೀಲನ್ ಕೈಗೆ ಉಪ್ಪು ಅಳೆಯುವ ಯಂತ್ರ ಕೊಟ್ಟರು. ಎರಡನೇ ವಾರಕ್ಕೇ ಅದು ಅವನ ಜೇಬಿನಿಂದ ಕಾಲುವೆಗೆ ಬಿತ್ತು. ಆಮೇಲೆ ಹಿನ್ನೀರಿಗೂ ಚಹಾಕ್ಕೂ ಒಂದೇ ಸಂಖ್ಯೆ ತೋರಿಸತೊಡಗಿತು. ಹೊಸದು ಕೇಳಲು ಅವನಿಗೆ ನಾಚಿಕೆ, ಕೊಡಿಸು ಎನ್ನಲು ಊರಿಗೆ ಸೋಮಾರಿತನ. ತೇವಿ ಇದ್ದಾಳಲ್ಲ!

ಈ ವರ್ಷ ಮೇ ತಿಂಗಳಲ್ಲಿ ತೇವಿಗೆ ಜ್ವರ ಬಂತು. ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಸೀಗಡಿ ಚಟ್ನಿ ಮರದ ಪುಡಿಯಂತಾಯಿತು. ಉಪ್ಪಿನ ಹರಳನ್ನೇ ಬಾಯಿಗೆ ಹಾಕಿ ನೋಡಿದಳು, ಅದೂ ಬರೀ ಕಲ್ಲು. ಯಾರಿಗೂ ಹೇಳಲಿಲ್ಲ. ಹೇಳಿದರೆ ತಾನು ಯಾರು? ಕೊಯ್ಲಿಗೂ ಆಗದ, ಮಂಡಿ ಹಿಡಿದ ಒಬ್ಬ ಮುದುಕಿ, ಅಷ್ಟೆ.

ಬಿತ್ತನೆಯ ಸಮಯ ಬಂದಾಗ ಅಂದಾಜಿನ ಮೇಲೆ ಮೂರು ದಿನ "ಇನ್ನೂ ಇದೆ" ಎಂದು ತಳ್ಳಿದಳು. ನಾಲ್ಕನೇ ದಿನ ತಳ್ಳುವಂತಿರಲಿಲ್ಲ. ಹೋದ ಸಲದ ಬೆಳೆ ನೆರೆಗೆ ಸಿಕ್ಕಿ ಹಾಳಾಗಿ ದ್ವೀಪದಲ್ಲಿ ಉಳಿದಿದ್ದುದು ಏಳು ಬುಟ್ಟಿ ಬೀಜ ಮಾತ್ರ. ಅಷ್ಟೂ ಮೊಳೆತಿತ್ತು. ಅದು ಸುಟ್ಟುಹೋದರೆ ಬೇರೆ ಬೀಜವಿಲ್ಲ.

"ಐದು ದಿನ ಸುರಿದಿದೆ ಚೇಚಿ, ಇನ್ನೆಷ್ಟು ಕಾಯೋದು? ಮೊಳಕೆ ಮೀಸೆ ಬಿಡ್ತಾ ಇದೆ" ಎಂದ ಸತ್ಯಶೀಲನ್. ಊರಿಗೆಲ್ಲ ಅವಳು ಚೇಚಿ, ಅಕ್ಕ.

ತೇವಿ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮಣ್ಣು ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದಳು. ತಣ್ಣಗಿದೆ, ನುಣ್ಣಗಿದೆ. ಬೇರೇನೂ ಇಲ್ಲ. ಐದು ದಿನದ ಮಳೆಗೆ ಇಳಿಯದ ಉಪ್ಪು ಯಾವುದಿದೆ ಎಂದುಕೊಂಡು, ಉಗಿದು ಕೂಗಿಯೇ ಬಿಟ್ಟಳು. "ಬಿತ್ತಿ!"

ಮೊದಲ ಬುಟ್ಟಿ ಎದ್ದಿತು. ಹೊತ್ತವಳು ಇವಳ ಪಕ್ಕದಲ್ಲೇ ದಾಟಿದಳು. ಬುಟ್ಟಿಯ ಅಂಚಿನಲ್ಲಿ ಬಿಳಿ ಬೇರುಗಳು ಕಂಡವು, ಕೂದಲಿನಷ್ಟು ತೆಳ್ಳಗೆ. ಚೂರು ಅಕ್ಕಿಯ ಗಂಜಿ ಕುಡಿದು ಚಕ್ರ ಹತ್ತಬೇಕಾದವು. ತೇವಿ ಕೈ ಅಡ್ಡ ಚಾಚಿದಳು.

"ನಿಲ್ಸಿ! ಬುಟ್ಟಿ ಇಳ್ಸಿ!"

"ಏನಾಯ್ತು ಚೇಚಿ?"

"ನಂಗೆ ರುಚಿ ಗೊತ್ತಾಗ್ತಿಲ್ಲ. ಜ್ವರ ಬಂದಾಗಿಂದ ಇಲ್ಲ. ಸುಳ್ಳು ಹೇಳ್ದೆ."

ಹೊತ್ತವಳು ಬುಟ್ಟಿ ಇಳಿಸಿದಳು. ತೇವಿ ಇನ್ನೊಂದು ಚಿಟಿಕೆ ಮಣ್ಣು ತೆಗೆದು ಕಲ್ಯಾಣಿಯ ಮುಂದೆ ಹಿಡಿದಳು. "ನೀನು ನೋಡೇ."

ಕಲ್ಯಾಣಿ ಬಾಯಿಗಿಟ್ಟು ಮುಖ ಹಿಂಡಿದಳು. "ಥೂ! ಇದ್ರಲ್ಲಿ ಮಾವಿನಕಾಯಿ ಹಾಕಿದ್ರೆ ಉಪ್ಪಿನಕಾಯಿ ಆಗುತ್ತೆ!"

ಸತ್ಯಶೀಲನ್ ತೂಬಿನ ಕಡೆ ಓಡಿದ. ಅಮಾವಾಸ್ಯೆಯ ಉಬ್ಬರಕ್ಕೆ ತೂಬಿನ ಹಲಗೆ ಗೇಣುದ್ದ ಜಾರಿ ಸಮುದ್ರದ ನೀರು ಒಳಗೆ ಬಂದಿತ್ತು. ಮಳೆ ಇಳಿಸಿದಷ್ಟು ಉಪ್ಪನ್ನು ಗುಡ್ಡೆ ಬುಡದಿಂದ ಮತ್ತೆ ಹೀರಿಕೊಂಡಿತ್ತು.

ಜನ ಚದುರಿದ ಮೇಲೆ ತೇವಿ ಅಲ್ಲೇ ಕುಳಿತಿದ್ದಳು. ಕಲ್ಯಾಣಿ ಪಕ್ಕದಲ್ಲಿ ಬಂದು ಕುಕ್ಕರಿಸಿದಳು.

"ನಂಗೆ ಭಾನುವಾರನೇ ಗೊತ್ತಿತ್ತು."

"ಹೇಗೆ?"

"ನಿಂಗೆ ಕೊಟ್ಟ ಗಂಜಿಗೆ ಒಂದು ಮುಷ್ಟಿ ಉಪ್ಪು ಹಾಕಿದ್ದೆ. ತಳ ಕಾಣೋ ತನಕ ಕುಡಿದು 'ಚೆನ್ನಾಗಿದೆ' ಅಂದೆಯಲ್ಲೇ, ಪಾಪಿ!"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನೇ ಹೇಳ್ತೀಯೇನೋ ಅಂತ ಕಾದೆ. ಇನ್ನೆರಡು ಹೆಜ್ಜೆ ಆ ಬುಟ್ಟಿ ಮುಂದೆ ಹೋಗಿದ್ರೆ ನಾನೇ ಕಾಲು ಅಡ್ಡ ಕೊಡ್ತಿದ್ದೆ. ನಲವತ್ತೊಂದು ವರ್ಷದಿಂದ ನೀನು ಉಗಿದ ಮೇಲೆ ನಾನೂ ನೆಕ್ಕಿ ನೋಡ್ತಿದೀನಿ ಕಣೇ. ನಿನ್ನೊಬ್ಬಳ ಮಾತು ನಂಬಿ ಬೀಜ ಹಾಕೋಕೆ ನಂಗೇನು ಹುಚ್ಚಾ?"

ತೇವಿಗೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಎರಡನ್ನೂ ನುಂಗಿಕೊಂಡಳು.

ಹಲಗೆ ಬಿಗಿದರು. ಮೊಳಕೆಯನ್ನು ನೆರಳಿನಲ್ಲಿ ತೆಳ್ಳಗೆ ಹರವಿ ಆರಿಸಿಟ್ಟರು. ಕಾಲುಪಾಲು ಹಾಳಾಯಿತು, ಉಳಿದದ್ದು ಉಳಿಯಿತು. ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಐದನೇ ಬೆಳಿಗ್ಗೆ ಕಲ್ಯಾಣಿ ಒಂಬತ್ತು ಗುಡ್ಡೆಗಳ ಮಣ್ಣು ನೆಕ್ಕಿ ನೋಡಿ ತೇವಿಯ ಬಳಿ ಬಂದಳು.

"ಇಳಿದಿದೆ. ಕೂಗು."

"ನಾಲಿಗೆ ನಿಂದು, ನೀನೇ ಕೂಗು."

"ನಾನು ಕೂಗಿದ್ರೆ ಜಗಳ ಅಂದ್ಕೊಂಡು ಎಲ್ಲಾ ಮನೆಗೆ ಹೋಗ್ತಾರೆ. ಕೂಗೇ!"

ತೇವಿ ಎದ್ದು ನಿಂತು ಕೂಗಿದಳು. ಬುಟ್ಟಿಗಳು ಎದ್ದವು.

ಮಧ್ಯಾಹ್ನ ಬದುವಿನ ಮೇಲೆ ಗಂಜಿಗೆ ಕುಳಿತರು. ಕಲ್ಯಾಣಿ ಬಡಿಸಿದಳು. ತೇವಿ ಬಟ್ಟಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದಳು. ಕಲ್ಯಾಣಿ ಅದನ್ನು ಕಿತ್ತುಕೊಂಡು ಒಂದು ಗುಟುಕು ಕುಡಿದು ವಾಪಸು ಕೊಟ್ಟಳು.

"ಉಪ್ಪು ಸರಿಯಾಗಿದೆ. ಕುಡಿ."