ಎರಡು ಸಲ ಪುಟಿದ ಚೆಂಡು

ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಅಪ್ಪ ಒಂದು ಟೆನಿಸ್ ಕ್ಲಬ್ಬಿನಲ್ಲಿ ಅಂಕಣ ನೋಡಿಕೊಳ್ಳುವ ಕೆಲಸದವನು. ಬೆಳಿಗ್ಗೆ ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದ. ಸದಸ್ಯರು ಬರುವಷ್ಟರಲ್ಲಿ ಮಗ ಬಟ್ಟೆ ಬದಲಿಸುವ ಕೋಣೆಯ ಹಿಂದಿನ ಗೋಡೆಗೆ ಚೆಂಡು ಬಾರಿಸಿ ಬಾರಿಸಿ ಆಟ ಕಲಿತ. ಹೊಡೆತದಲ್ಲಿ ಅಂಥ ಬಲವಿರಲಿಲ್ಲ, ಸರ್ವ್ ನೋಡಿದರೆ ಎದುರಾಳಿಗೆ ನಗು ಬರಬೇಕು. ಆದರೆ ಏನೇ ಕಳಿಸಿದರೂ ಬಡ್ಡಿಮಗಂದು ವಾಪಸ್ ಬರುತ್ತಿತ್ತು. ಹೆಸರು ಹಾಗೆ ಅಂಟಿಕೊಂಡಿತು.

ಹನ್ನೊಂದು ವರ್ಷ ವೃತ್ತಿಪರನಾಗಿ ಆಡಿದ. ಊರೂರು ಅಲೆದಾಟ, ಅಗ್ಗದ ಲಾಡ್ಜು, ಬಚ್ಚಲಲ್ಲಿ ತಾನೇ ಒಗೆದು ಕಿಟಕಿಗೆ ನೇತುಹಾಕಿದ ಸಾಕ್ಸು. ಆ ದಿನಗಳಲ್ಲಿ ಅವನ ಜೊತೆ ಕೋಣೆ ಹಂಚಿಕೊಳ್ಳುತ್ತಿದ್ದವನು ಒಬ್ಬ ಎಡಗೈ ಆಟಗಾರ. ಎಲ್ಲರ ಬಾಯಲ್ಲಿ ಎಡಚ. ಇಬ್ಬರೂ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುವಷ್ಟು ಸಲಿಗೆ.

ಒಂದು ದೊಡ್ಡ ಟೂರ್ನಿಯ ಅರ್ಹತಾ ಪಂದ್ಯದಲ್ಲಿ ಇಬ್ಬರೂ ಎದುರುಬದುರಾದರು. ಗೆದ್ದವನಿಗೆ ಮುಖ್ಯ ಸುತ್ತು, ಸೋತವನಿಗೆ ಮನೆ ದಾರಿ. ಮೂಲೆಯ ಅಂಕಣ, ಕ್ಯಾಮೆರಾ ಇಲ್ಲ, ಬೆಂಚಿನ ಮೇಲೆ ನಾಲ್ಕೈದು ಜನ. ಮೂರನೇ ಸೆಟ್ಟಿನಲ್ಲಿ ಇನ್ನೊಂದು ಪಾಯಿಂಟ್ ಬಂದರೆ ಎಡಚ ಗೆದ್ದಂತೆ. ಅವನು ಚೆಂಡನ್ನು ನೆಟ್ಟಿನಾಚೆ ಮೆಲ್ಲಗೆ ಬೀಳಿಸಿದ. ಗೋಡೆ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಅದನ್ನು ಎತ್ತಿ ಹೊಡೆದ. ಎರಡನೇ ಸಲ ನೆಲಕ್ಕೆ ತಾಗಿದ್ದು ಅವನ ಕೈಗೇ ಗೊತ್ತಾಯಿತು. ರ್‍ಯಾಕೆಟ್ಟಿಗೆ ಸಿಕ್ಕಿದ್ದು ಅದಾದ ಮೇಲೆ. ಚೆಂಡು ಎಡಚನ ತಲೆಯ ಮೇಲೆ ಹಾರಿ ಗೆರೆಯೊಳಗೆ ಬಿತ್ತು. ಎರಡು ಸಲ ಪುಟಿದ ಮೇಲೆ ಹೊಡೆದರೆ ಪಾಯಿಂಟ್ ಎದುರಾಳಿಯದು, ಆದರೆ ಅಂಪೈರಿಗೆ ಅದು ಕಾಣಲೇ ಇಲ್ಲ.

ಎಡಚ ನೆಟ್ಟಿನ ಹತ್ತಿರ ಬಂದು ಕೇಳಿದ: "ಎರಡು ಸಲ ಬಿತ್ತಲ್ವೇನೋ?"

"ಇಲ್ಲ, ಸಿಕ್ತು."

ಎಡಚ ತಿರುಗಿ ತನ್ನ ಜಾಗಕ್ಕೆ ಹೋದ. ಆಮೇಲೆ ಆಟ ಅವನ ಕೈಬಿಟ್ಟಿತು, ಗೋಡೆ ಗೆದ್ದ. ಎರಡು ದಿನದ ನಂತರ ತುಂಬಿದ ಅಂಕಣದಲ್ಲಿ ಆ ವರ್ಷದ ಅಗ್ರ ಆಟಗಾರನಿಂದ ಒಂದು ಸೆಟ್ ಕಸಿದುಕೊಂಡ. ಪಂದ್ಯ ಸೋತರೂ ಪತ್ರಿಕೆಗಳಲ್ಲಿ ಫೋಟೊ ಬಂತು. ಮೊಣಕಾಲು ಕೈಕೊಟ್ಟು ಆಟ ನಿಂತಾಗ ಟಿವಿಯವರು ಹುಡುಕಿಕೊಂಡು ಬಂದದ್ದೂ ಆ ಒಂದು ಸೆಟ್ಟಿನಿಂದಲೇ. ಎಡಚ ಮಾತ್ರ ವರ್ಷದೊಳಗೆ ಆಟ ಬಿಟ್ಟು ಮಕ್ಕಳಿಗೆ ಕಲಿಸಲು ಹೋದ. ಮತ್ತೆ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಕಾಮೆಂಟರಿಯಲ್ಲಿ ಗೋಡೆ ಮಿಂಚಿದ. ಗಾಜಿನ ಪುಟ್ಟ ಕೋಣೆ, ಎರಡು ಕುರ್ಚಿ, ಎರಡು ಹೆಡ್‌ಫೋನು. ಪಕ್ಕದಲ್ಲಿ ಹಿಂದೆ ವಾರ್ತೆ ಓದುತ್ತಿದ್ದ ನಿರೂಪಕಿ. ಅವರಿಗೆ ಟೆನಿಸ್ ಅಷ್ಟಕ್ಕಷ್ಟೆ, ಆದರೆ ಯಾವಾಗ ಯಾವ ಪ್ರಶ್ನೆ ಕೇಳಬೇಕೆಂಬುದು ಕರತಲಾಮಲಕ. ಹದಿನಾರು ವರ್ಷ ಜೋಡಿ ಚೆನ್ನಾಗಿಯೇ ನಡೆಯಿತು.

ಒಂದು ಮಧ್ಯಾಹ್ನ ಹತ್ತೊಂಬತ್ತರ ಹೊಸ ಹುಡುಗಿಯೊಬ್ಬಳು ಆಡುತ್ತಿದ್ದಳು. ಟಿವಿಯಲ್ಲಿ ಅವಳ ತರಬೇತುದಾರನನ್ನು ತೋರಿಸಿದಾಗ ಗೋಡೆ ಪರದೆಯ ಹತ್ತಿರಕ್ಕೆ ಬಾಗಿದ. ಕೂದಲು ನೆರೆತಿತ್ತು, ಅಷ್ಟೆ, ಎಡಚನೇ. ಸ್ವಲ್ಪ ಹೊತ್ತಿಗೆ ಹುಡುಗಿ ಮುನ್ನುಗ್ಗಿ ಒಂದು ಚೆಂಡನ್ನು ಎತ್ತಿ ಹೊಡೆದಳು, ಜನ ಚಪ್ಪಾಳೆ ತಟ್ಟಿದರು. ಅವಳು ಕೈಯೆತ್ತಿ ಅಂಪೈರಿಗೆ ಏನೋ ಹೇಳಿದಳು. ಚೆಂಡು ಎರಡು ಸಲ ಪುಟಿದಿತ್ತಂತೆ. ಪಾಯಿಂಟ್ ಎದುರಾಳಿಗೆ ಹೋಯಿತು.

ನಿರೂಪಕಿ ಕೇಳಿದರು: "ನೀವಾಗಿದ್ರೆ ಒಪ್ಕೊಳ್ತಿದ್ರಾ ಸರ್?"

"ಅದೇನು ದೊಡ್ಡ ಮಾತು ಮೇಡಂ? ಆಟಗಾರ ಅಂದ್ಮೇಲೆ ಯಾರಾದ್ರೂ ಒಪ್ಕೊಳ್ತಾರೆ."

ಮಾತು ಬಾಯಿಂದ ಸರಾಗವಾಗಿ ಜಾರಿತು. ಮರುಕ್ಷಣವೇ ಅವನ ಕಿವಿ ಕಾದ ಹೆಂಚಾಯಿತು. ಅಂಕಣದಲ್ಲಿ ಆಡಿದ ಸುಳ್ಳಿಗಾದರೂ ದಣಿವು, ಆಸೆ ಎಂಬ ನೆಪಗಳಿದ್ದವು. ಈಗ ಯಾವ ನೆಪ? ಎಸಿ ಕೋಣೆಯಲ್ಲಿ ಕೂತು, ಟೀ ಕುಡಿಯುತ್ತ ಲಕ್ಷಾಂತರ ಜನಕ್ಕೆ ಹೇಳಿದ್ದ.

ಪಂದ್ಯ ಮುಗಿದ ಮೇಲೆ ಕಾಲೆಳೆಯುತ್ತ ಅಭ್ಯಾಸದ ಅಂಕಣಕ್ಕೆ ಹೋದ. ಎಡಚ ಬುಟ್ಟಿಗೆ ಚೆಂಡು ತುಂಬುತ್ತಿದ್ದ.

"ಆವತ್ತು ಚೆಂಡು ಎರಡು ಸಲ ಬಿದ್ದಿತ್ತು ಕಣೋ," ಎಂದ ಗೋಡೆ. ಮುನ್ನುಡಿ ಹೊಳೆಯಲಿಲ್ಲ.

"ಗೊತ್ತು."

"ತಪ್ಪಾಯ್ತು."

ಎಡಚ ಬಗ್ಗಿದವನು ನೆಟ್ಟಗಾದ. "ನಾನಾಗಿದ್ರೂ ಹಾಗೇ ಮಾಡ್ತಿದ್ನೋ ಏನೋ, ಯಾರಿಗ್ಗೊತ್ತು. ಒಂದು ಪಾಯಿಂಟಿಗೆ ಯಾರು ಸಾಯ್ತಾರೆ? ಆದ್ರೆ ಮುಗಿದ್ಮೇಲೆ ನೀನು ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಏನಂದೆ, ನೆನಪಿದ್ಯಾ?"

ಗೋಡೆಗೆ ನೆನಪಿರಲಿಲ್ಲ.

"'ನಿನ್ನ ಅದೃಷ್ಟ ಸರಿಯಿರ್ಲಿಲ್ಲ ಕಣೋ' ಅಂದೆ. ನಾನು ಅದನ್ನ ನಂಬಿಬಿಟ್ಟೆ ಮಾರಾಯ. ನನ್ನ ಕಣ್ಣೇ ಸರಿ ಇಲ್ಲ, ನನ್ನ ಹಣೇಲೇ ಬರೆದಿಲ್ಲ ಅಂತ ಎಷ್ಟೋ ತಿಂಗಳು ಒದ್ದಾಡಿದೆ."

ಗೋಡೆ ಬಗ್ಗಿ ಕಾಲ ಬಳಿಯಿದ್ದ ಒಂದು ಚೆಂಡನ್ನು ಬುಟ್ಟಿಗೆ ಹಾಕಿದ. ಇಷ್ಟು ವರ್ಷ ಒಂದು ತಪ್ಪನ್ನು ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದ. ಅದಕ್ಕಿಂತ ದೊಡ್ಡದನ್ನು ಅಲ್ಲೇ ಬಿಟ್ಟು ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಪಂದ್ಯ ಶುರುವಾಗುವ ಮುಂಚೆ ಮೈಕಿನಲ್ಲಿ ಎಲ್ಲ ಹೇಳಿದ. ನೆಟ್ಟಿನ ಹತ್ತಿರ ಹೇಳಿದ ಸುಳ್ಳು, ಹೆಗಲ ಮೇಲಿನ ಕೈ, ನಿನ್ನೆಯ ಉತ್ತರ, ಒಂದನ್ನೂ ಬಿಡಲಿಲ್ಲ. ನಿರೂಪಕಿಗೆ ಮೊದಲ ಸಲ ಪ್ರಶ್ನೆ ಸಿಗಲಿಲ್ಲ. ಆಟಗಾರರ ಅಂಕಿಅಂಶ ಓದತೊಡಗಿದರು.

ಕೆಲಸ ಹೋದೀತೆಂದು ಗೋಡೆ ಕಾಯ್ದ. ಹೋಗಲಿಲ್ಲ. ಬದಲಿಗೆ ಹೊಗಳಿಕೆ ಬಂತು, ಹೊರಲಾರದಷ್ಟು. ಔಷಧಿ ಅಂಗಡಿಯವನು ಎದ್ದು ಕೈ ಕುಲುಕಿದ. ಎಂಥ ದೊಡ್ಡ ಮನಸ್ಸು ಎಂದು ಜನ ಬರೆದರು. ಹೆಂಡತಿ ಒಂದೊಂದಾಗಿ ಓದುತ್ತಿದ್ದರೆ ಅವನು ಮುಖ ತಿರುಗಿಸಿದ.

"ಓದ್ಬೇಡ ಕಣೇ."

"ಯಾಕ್ರೀ, ಒಳ್ಳೇದನ್ನೇ ಬರ್ದಿದ್ದಾರಲ್ಲ?"

"ಅದಕ್ಕೇ."

ಒಂದು ಶಾಲೆಯವರು ಪ್ರಾಮಾಣಿಕತೆಯ ಬಗ್ಗೆ ಭಾಷಣಕ್ಕೆ ಕರೆದರು. ಗೋಡೆ ಎಡಚನಿಗೆ ಫೋನ್ ಮಾಡಿ, "ಇದಕ್ಕೆ ನೀನು ಹೋಗ್ಬೇಕು, ನಾನಲ್ಲ," ಎಂದ.

"ನಂಗೆಲ್ಲಿ ಮಾತು ಬರುತ್ತೋ? ನಿಂಗೇ ಬರೋದು. ಆವತ್ತೂ ಚೆನ್ನಾಗೇ ಬರ್ತಿತ್ತು," ಎಂದು ಎಡಚ ನಕ್ಕ.

ಗೋಡೆಯೂ ನಗಲು ನೋಡಿದ, ಆಗಲಿಲ್ಲ. ಫೋನ್ ಇಟ್ಟವನೇ ಶಾಲೆಗೆ ಒಂದು ಸಾಲು ಬರೆದ: ದಯವಿಟ್ಟು ಕ್ಷಮಿಸಿ, ನಾನು ಇದಕ್ಕೆ ತಕ್ಕವನಲ್ಲ. ಅವರು ಅದನ್ನೂ ವಿನಯವೆಂದೇ ತಿಳಿದು, ಬಹಳ ಗೌರವದಿಂದ ಮತ್ತೊಮ್ಮೆ ಕರೆದರು.