ದೀಪ ಮಿಣುಕುವಾಗ ಕಿತ್ತ ಕೈ

ತೊಂಗೊವಾ ದ್ವೀಪದ ಶಾಲೆಯಲ್ಲಿದ್ದ ಒಂದೇ ಕಂಪ್ಯೂಟರಿಗೆ ಲೇಪಾಕೋವಾಳೇ ಯಜಮಾನಿ. ಹಾಡು ತುಂಬಿಸಿಕೊಳ್ಳಲು ಪೆನ್‌ಡ್ರೈವ್ ಹಿಡಿದು ಬರುವವರಿಗೆಲ್ಲ ಅವಳ ಬೈಗುಳ ಒಂದೇ: ಅದರ ದೀಪ ಮಿಣುಕುವುದು ನಿಲ್ಲುವವರೆಗೆ ಕೀಳಬೇಡಿ, ಪರದೆ ‘ಮುಗಿಯಿತು’ ಎಂದರೂ ನಂಬಬೇಡಿ. ಊರಿಗೆ ಇನ್ನೊಂದು ಪಾಠವೂ ಗೊತ್ತಿತ್ತು. ಜನರೇಟರ್ ಕೆಮ್ಮಿದರೆ ಚುಚ್ಚಿದ್ದನ್ನೆಲ್ಲ ತಕ್ಷಣ ಕಿತ್ತುಬಿಡಬೇಕು. ಕೀಳದೆ ಎಷ್ಟೋ ಫೋನುಗಳು ಸುಟ್ಟುಹೋಗಿದ್ದವು. ಈ ಎರಡನೆಯ ಪಾಠ ಎಲ್ಲರ ಕೈಗೇ ಹತ್ತಿಬಿಟ್ಟಿತ್ತು.

ಲೇಪಾಕೋವಾಳ ತಾಯಿ ತಾನು ಸಾಯುವ ವಾರ ಮಗಳಿಂದ ಆ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರುಮಾಡಿಸಿ, ಅವಳನ್ನು ಹೊರಗೆ ಕಳಿಸಿ, ಕಿರಿಮಗಳು ಲೇವಿಯಾಳಿಗೆಂದು ಏನೋ ಹೇಳಿದ್ದಳು. ಮನೆಯವರು ಒಪ್ಪದವನ ಹಿಂದೆ ಹಡಗು ಹತ್ತಿದ ಲೇವಿಯಾ ಹನ್ನೊಂದು ವರ್ಷ ತಾಯಿಯ ಮುಖ ನೋಡಿರಲಿಲ್ಲ.

“ಅವಳೊಬ್ಬಳೇ ಕೇಳ್ಲಿ. ನೀನು ಇಟ್ಕೋಬೇಡ,” ಎಂದಿದ್ದಳು ತಾಯಿ. ಲೇಪಾಕೋವಾ ಆ ರೆಕಾರ್ಡಿಂಗ್ ಹಾಕಿ ಕೇಳಲಿಲ್ಲ. ಆಸೆಯಾಗಲಿಲ್ಲವೆಂದಲ್ಲ.

ತಾಯಿ ಸತ್ತ ನೂರನೆಯ ದಿನದ ಊಟಕ್ಕೆ ಲೇವಿಯಾ ಬಂದಳು. ಹೊರಗೆ ಕಾದ ಕಲ್ಲುಗಳ ನಡುವೆ ಎಲೆಯಲ್ಲಿ ಸುತ್ತಿದ ಗೆಡ್ಡೆಯ ಕಡುಬು, ಲಾಪ್‌ಲಾಪ್, ಬೇಯುತ್ತಿತ್ತು. ಅಕ್ಕ ಆ ಮಾತನ್ನು ನಕಲು ಮಾಡದೆ, ತಾಯಿ ಹೇಳಿದಂತೆಯೇ, ಪೂರ್ತಿಯಾಗಿ ಪೆನ್‌ಡ್ರೈವಿಗೆ ಸಾಗಿಸಿದಳು. ಪರದೆ ಮುಗಿಯಿತೆಂದಿತು. ಕಂಪ್ಯೂಟರಿನಲ್ಲಿದ್ದದ್ದು ಅಳಿಯಿತು. ಪೆನ್‌ಡ್ರೈವಿನ ದೀಪ ಇನ್ನೂ ಮಿಣುಕುತ್ತಿತ್ತು. ಅಷ್ಟರಲ್ಲಿ ಜನರೇಟರ್ ಒಮ್ಮೆ ಕೆಮ್ಮಿತು, ಲೇಪಾಕೋವಾಳ ಕೈ ಕಿತ್ತುಬಿಟ್ಟಿತು.

ಜನರೇಟರ್ ಏನೂ ಆಗದಂತೆ ಮತ್ತೆ ಓಡತೊಡಗಿತು. ಪರದೆಯ ಮೇಲೆ ಮಾತ್ರ, ಬರೆಯಲಾಗಲಿಲ್ಲ, ಮಾಹಿತಿ ಕಳೆದುಹೋಗಿದೆ ಎಂದು ಬಂತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಅವಳು ಮತ್ತೆ ಚುಚ್ಚಿದಳು, ಒರೆಸಿ ಚುಚ್ಚಿದಳು, ದೇವರ ಹೆಸರು ಹೇಳಿ ಚುಚ್ಚಿದಳು. ತೆರೆದರೆ ಲೇವಿಯಾ ಎಂಬ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

ಮುಚ್ಚಿಡದೆ ನಡೆದದ್ದನ್ನೆಲ್ಲ ತಂಗಿಗೆ ಹೇಳಿದಳು. ಲೇವಿಯಾ ಅವಳ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡಳು.

“ಹೋಗ್ಲಿ ಅಕ್ಕ, ಅಮ್ಮ ನನ್ನ ಕ್ಷಮಿಸಿದ್ಲಾ? ಅಷ್ಟು ಹೇಳು ಸಾಕು.”

“ನಾನು ಕೇಳೇ ಇಲ್ಲ ಕಣೇ.”

“ನೂರು ದಿನ ನಿನ್ನ ಕೈಲೇ ಇತ್ತು, ಕೇಳಿಲ್ವಾ? ದೀಪ ಆರೋ ತನಕ ಕೀಳಬಾರ್ದು ಅಂತ ಊರಿಗೆಲ್ಲ ಪಾಠ ಹೇಳೋಳು ನೀನು. ಅಮ್ಮ ನನ್ನ ಕ್ಷಮಿಸಿದ್ಲು, ಅದು ನಿಂಗೆ ಸಹಿಸಕ್ಕಾಗ್ಲಿಲ್ಲ, ಅದಕ್ಕೇ ಬೇಕಂತ್ಲೇ ಅಳಿಸ್ದೆ, ಅಲ್ವಾ?”

ಲೇಪಾಕೋವಾಳಿಗೆ ಸುಳ್ಳಾದರೂ ಹೌದು ಎಂದುಬಿಡಬೇಕೆನಿಸಿತು. ಹೌದೆಂದರೆ ತಂಗಿಗೆ ತಾಯಿ ಸಿಗುತ್ತಾಳೆ, ತಾನು ತಾಯಿಯ ಮಾತು ಕದ್ದವಳಾಗಬೇಕು.

“ಹೌದು,” ಎಂದಳು. “ಕ್ಷಮಿಸಿದ್ಲು.”

ಲೇವಿಯಾ ಖಾಲಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು, ಊಟಕ್ಕೂ ಕೂರದೆ, ಹಡಗಿನ ಕಡೆ ನಡೆದಳು.