ನಮ್ಮ ಕೈಗಳೂ ಲೆಕ್ಕಕ್ಕೆ ಬಂದ ಸಂಜೆ

ಸ್ವಾತಂತ್ರ್ಯ ಬರುವ ಹಿಂದಿನ ವರ್ಷದ ಮಾತು. ಕರ್ಜಗಿಯಲ್ಲಿ ಹುಟ್ಟಿದ ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದಿದ್ದೆ. ನಮ್ಮ ಮನೆಯವರೂ ನಾನೂ ಒಂದೇ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದೆವು. ಅವರು ಯಂತ್ರದ ಹತ್ತಿರ, ನಾನು ಹತ್ತಿಯ ಕಸ ಆರಿಸುವ ಹೆಂಗಸರ ಜೊತೆ.

ಆಗ ಗಿರಣಿಯ ಗಂಡಸರು ಸಂಘ ಕಟ್ಟಿದ್ದರು. ರಜೆಯ ದಿನ ಸಂಜೆ ಗಿರಣಿ ಹಿಂದಿನ ಬಯಲಿನಲ್ಲಿ ಸಭೆ ಸೇರುತ್ತಿದ್ದರು. ಅಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದರೆ, ಅದೆಲ್ಲ ನಿನಗೆ ತಿಳಿಯುವಂಥದ್ದಲ್ಲ ಎನ್ನುತ್ತಿದ್ದರು ನಮ್ಮ ಮನೆಯವರು. ಹಾಗೆಂದಷ್ಟೂ ನನ್ನ ಕುತೂಹಲ ಹೆಚ್ಚುತ್ತಿತ್ತು. ನಮ್ಮ ಜೊತೆ ಕಸ ಆರಿಸುತ್ತಿದ್ದ ಹಿರಿಯಳಾದ ಗೌರವ್ವನಿಗೂ ಅದೇ ಕುತೂಹಲ. ನೋಡಿಯೇ ಬಿಡೋಣ ಎಂದು ಒಂದು ಸಂಜೆ ನಾವು ಕೆಲವರು ಹೋಗಿ, ಸಭೆಯ ಹಿಂದೆ ಬೇವಿನ ಮರದ ಕೆಳಗೆ ನಿಂತೆವು.

ಕೂಲಿ ಹೆಚ್ಚಿಸದಿದ್ದರೆ ಗಿರಣಿ ಬಂದ್ ಮಾಡುವ ಮಾತು ನಡೆದಿತ್ತು. ಒಪ್ಪಿದವರು ಕೈ ಎತ್ತಿ ಎಂದರು ಅಧ್ಯಕ್ಷರು. ಗೌರವ್ವ ಎತ್ತಿದಳು. ಅವಳನ್ನು ನೋಡಿ ನಾವೂ ಎತ್ತಿದೆವು. ಗಂಡಸರು ತಿರುಗಿ ನೋಡಿ ನಕ್ಕರು. ಹೆಣ್ಣುಮಕ್ಕಳ ಕೈ ಲೆಕ್ಕಕ್ಕಿಲ್ಲ ಎಂದ ಒಬ್ಬ.

ಗೌರವ್ವ ಕೈ ಇಳಿಸಲಿಲ್ಲ. "ನಾವು ಒಳಗ ಹೋಗಿ ಕೆಲಸ ಮಾಡಿದ್ರ ನಿಮ್ಮ ಬಂದ್ ಹೆಂಗ ಆಗ್ತೈತ್ರಿ?" ಎಂದಳು.

ನಗು ನಿಂತಿತು. ಅಧ್ಯಕ್ಷರು ನಮ್ಮನ್ನು ಮುಂದೆ ಕರೆದು ಕೂರಿಸಿ, ನಿಮ್ಮ ಬೇಡಿಕೆ ಏನು ಎಂದು ಕೇಳಿದರು. ದಿನಾ ಮಧ್ಯಾಹ್ನ ನಮ್ಮತ್ತೆ ನನ್ನ ಹಾಲುಗೂಸನ್ನು ಎತ್ತಿಕೊಂಡು ಗಿರಣಿಯ ಬಾಗಿಲಿಗೆ ಬರುತ್ತಿದ್ದರು. ಕಾವಲುಗಾರ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಅದು ನೆನಪಾಗಿ ಎದ್ದು ನಿಂತೆ.

"ಕೂಸಿಗೆ ಹಾಲು ಕುಡಸಾಕ ಬಿಡಬೇಕ್ರಿ," ಎಂದೆ. ಅಲ್ಲೇ ಕುಳಿತಿದ್ದ ಮನೆಯವರ ಮುಖ ನೋಡುವ ಧೈರ್ಯವಾಗಲಿಲ್ಲ.

ಆ ಬೇಡಿಕೆಯನ್ನೂ ಸೇರಿಸಿ ಅಧ್ಯಕ್ಷರು ಮತ್ತೊಮ್ಮೆ ಕೈ ಎತ್ತಿಸಿದರು. ಈ ಸಲ ನಮ್ಮವನ್ನೂ ಎಣಿಸಿದರು.

ಮನೆಗೆ ನಡೆಯುವಾಗ ನಮ್ಮ ಮನೆಯವರು ನನ್ನ ಪಕ್ಕಕ್ಕೆ ಬಂದರು. ಬೈಗುಳಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಕೂಸು ದಿನಾ ಅಲ್ಲೇ ಅಳತಿತ್ತೇನು?" ಎಂದರು.

ಹೂಂ ಎಂದೆ.

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಗಿರಣಿ ಬಂದ್ ಆಯಿತು. ಮಾಲೀಕರ ಜೊತೆಗಿನ ಮಾತುಕತೆಗೆ ಗೌರವ್ವನನ್ನೂ ಕರೆದೊಯ್ದರು. ಆ ವರ್ಷ ಕೂಲಿ ಹೆಚ್ಚಲಿಲ್ಲ. ತಾಯಂದಿರನ್ನು ಮಧ್ಯಾಹ್ನ ಹೊರಗೆ ಬಿಡಲು ಮಾತ್ರ ಒಪ್ಪಿದರು.

ಈಗಲೂ ನೆನೆದರೆ ಸೋಜಿಗವಾಗುತ್ತದೆ. ಒಂದೇ ಸೂರಿನಡಿ ದುಡಿದು, ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದರೂ ಒಬ್ಬರ ದಿನ ಹೇಗೆ ಕಳೆಯುತ್ತದೆಂದು ಇನ್ನೊಬ್ಬರಿಗೆ ತಿಳಿಯಲು ನಾವು ಊರ ಜನರ ನಡುವೆ ಕೂರಬೇಕಾಯಿತು.